ಅಣ್ಣನ ಮೂರು ಬೆರಳು

ನವೆಂಬರ್ 4, ಮಂಗಳವಾರ

ವರ್ಷವಿಡೀ ಖಾಲಿ ಬಿದ್ದಿದ್ದ ಈ ಡೈರಿಯನ್ನು ಇವತ್ತು ತೆಗೆದೇ ಬಿಟ್ಟೆ. ನಮ್ಮ ಬಾಲಾಜಿ ಅಣ್ಣ ಟಿವಿಯಲ್ಲಿ ಬಂದಿದ್ದಾನೆ. ತಿರುಗಿಸಿದ ಚಾನೆಲ್ಲಿನಲ್ಲೆಲ್ಲ ಅವನೇ. ಎಡಗೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಆಸ್ಪತ್ರೆ ಮಂಚದ ಮೇಲೆ ಕೂತಿದ್ದಾನೆ, ದೊಡ್ಡ ಸಾಹೇಬರೊಬ್ಬರು ಹೆಗಲು ತಟ್ಟುತ್ತಿದ್ದಾರೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ಎದ್ದು ಟಿವಿ ಮುಂದೆ ನಿಂತು, "ನನ್ ಮಗನ ಕೈಗೆ ಏನಾಯ್ತಪ್ಪ" ಅಂತ ಟಿವಿಯವನನ್ನೇ ಕೇಳಿದಳು.

ಎಷ್ಟು ದಿನದಿಂದ ಬೈಗುಳ ತಿಂದಿದ್ದೇವೆ ನಾವು, ಪೊಲೀಸ್ ಪೇದೆಯ ಮನೆಯವರು. ಟೆಕ್ ಪಾರ್ಕ್ ರಸ್ತೆಯಲ್ಲಿ ಸರ ಕಿತ್ತುಕೊಳ್ಳುವವರ ಕಾಟ, ಅದರಲ್ಲೂ ಒಬ್ಬ ಸಾಫ್ಟ್‌ವೇರ್ ಹುಡುಗಿಯನ್ನು ಸರದ ಸಮೇತ ಬೈಕಿನಲ್ಲಿ ಎಳೆದುಕೊಂಡು ಹೋದ ಮೇಲಂತೂ ಅಪಾರ್ಟ್‌ಮೆಂಟಿನವರು ಪೊಲೀಸರಿಗೆ ಮಂಗಳಾರತಿ ಎತ್ತಿದ್ದೇ ಎತ್ತಿದ್ದು. "ಹೊಟ್ಟೆ ಬೆಳೆಸಿಕೊಂಡು ಮಲಗಿದ್ದಾರೆ" ಅಂತ ಒಬ್ಬ ಬರೆದಿದ್ದ. ನಮ್ಮಣ್ಣನಿಗೆ ಹೊಟ್ಟೆಯೇ ಇಲ್ಲ, ಮನೆಗೆ ಬಂದು ನೆಟ್ಟಗೆ ಊಟ ಮಾಡಿದ್ದರೆ ತಾನೇ ಬೆಳೆಯುವುದು.

ಈಗ ನೋಡಿ. ಕಳ್ಳ ಸಿಕ್ಕಿದ್ದಾನೆ. ಕದ್ದ ಸರ ತೋರಿಸುತ್ತೇನೆ ಅಂದನಂತೆ, ಬೆಳಿಗ್ಗೆ ಕೆರೆ ಹತ್ತಿರ ಮಹಜರಿಗೆ ಕರೆದುಕೊಂಡು ಹೋದಾಗ ಬಲಗೈಯಲ್ಲಿ ಮಚ್ಚು ಬೀಸಿ ಅಣ್ಣನ ಕೈ ಕೊಯ್ದು ಓಡಿದನಂತೆ. ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಗಾಳಿಯಲ್ಲಿ ಒಂದು, ಆಮೇಲೆ ಕಾಲಿಗೆ ಒಂದು ಗುಂಡು ಹೊಡೆದರು. ಸಂಜೆಯ ಪೇಪರಿನಲ್ಲಿ ಓದುವಾಗ ಇದನ್ನು ಮೊದಲೇ ಓದಿದ್ದೇನಲ್ಲ ಅನ್ನಿಸಿತು. ಎಲ್ಲ ಸಲವೂ ಮಹಜರು, ಎಲ್ಲ ಸಲವೂ ಪೇದೆಯ ಕೈಗೆ ಗಾಯ, ಎಲ್ಲ ಸಲವೂ ಕಾಲಿಗೆ ಗುಂಡು. ನಮ್ಮ ಅಂಗಡಿಯಲ್ಲಿ ಹುಟ್ಟುಹಬ್ಬದ ಫ್ಲೆಕ್ಸಿಗೆ ಒಂದು ಮಾದರಿ ಇಟ್ಟುಕೊಂಡು ಹೆಸರು ಮಾತ್ರ ಬದಲಾಯಿಸುತ್ತೇವಲ್ಲ, ಪೇಪರಿನವರ ಹತ್ತಿರವೂ ಅಂಥದ್ದೊಂದು ಇರಬೇಕು. ಇರಲಿ, ಈ ಸಲದ ಹೆಸರು ನಮ್ಮದು.

ನವೆಂಬರ್ 5, ಬುಧವಾರ

ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಮುನಿರಾಜಣ್ಣ ಬಂದು ನಿಂತಿದ್ದ. ಅಂಗಡಿ ಅವನದು, ಡಿಸೈನ್ ನನ್ನದು, ನಮ್ಮ ಏರಿಯಾ ಹೂಡಿಯ ಯುವಕರ ಸಂಘದ ಅಧ್ಯಕ್ಷಗಿರಿಯೂ ಅವನದೇ.

"ವೇಣಿ, ರಾಜ್ಯೋತ್ಸವದ್ದೆಲ್ಲ ಪಕ್ಕಕ್ಕಿಡು. ಮೊದ್ಲು ನಿಮ್ಮಣ್ಣಂದು. ಇಪ್ಪತ್ತಡಿ ಹತ್ತಡಿ, ಸರ್ಕಲ್‌ನಲ್ಲಿ ನಿಲ್ಲಿಸ್ಬೇಕು. ಹೂಡಿಯ ಹುಲಿ ಅಂತ ಹಾಕು."

"ಫ್ಲೆಕ್ಸ್ ಬ್ಯಾನ್ ಆಗಿದೆ ಕಣಣ್ಣ."

"ಪೊಲೀಸ್‌ನೋರ್ ಫ್ಲೆಕ್ಸ್ ಯಾವನ್ ಕೀಳ್ತಾನೆ, ಮಾಡು."

ಅಣ್ಣನಿಗೆ ಫೋನ್ ಮಾಡಿ ಒಂದು ಫೋಟೋ ಕೊಡು ಅಂದರೆ ಬೇಡ ಅಂದ. ಸಂಕೋಚದ ಪ್ರಾಣಿ. ನಾನು ಬಿಡುತ್ತೇನೆಯೇ? ಚಿಕ್ಕಮ್ಮನ ಮಗಳ ಮದುವೆಯಲ್ಲಿ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ ಫೋಟೋ ಇತ್ತು, ಅದಕ್ಕೆ ಖಾಕಿ ಅಂಗಿ ತೊಡಿಸಿದೆ, ಹಿಂದೆ ಹುಲಿ ನಿಲ್ಲಿಸಿದೆ, ಬಣ್ಣ ಎರಡು ಪಟ್ಟು ಬಿಳಿ ಮಾಡಿದೆ. ನಮ್ಮ ಅಂಗಡಿಗೆ ಬಂದವರು ಯಾರೂ ಬಂದ ಹಾಗೆಯೇ ಫ್ಲೆಕ್ಸ್ ಮೇಲೆ ಹೋಗುವುದಿಲ್ಲ. ಬೋಳುತಲೆಗೆ ಕೂದಲು, ಹೊಟ್ಟೆಗೆ ಕತ್ತರಿ, ಉಚಿತ ಸೇವೆ. ಅಣ್ಣನ ಬಲಗೈ ತೋರುಬೆರಳಿನ ಉಗುರು ಮಧ್ಯಕ್ಕೆ ಸೀಳಿದೆ, ಚಿಕ್ಕವನಿದ್ದಾಗ ಸೈಕಲ್ ಚೈನಿಗೆ ಸಿಕ್ಕಿಕೊಂಡದ್ದು. ಪೆಡಲ್ ತುಳಿಯುತ್ತಿದ್ದವಳು ನಾನು. ಅದೊಂದನ್ನು ಮಾತ್ರ ಸರಿ ಮಾಡಲಿಲ್ಲ, ನನ್ನ ಸಹಿ ಇದ್ದ ಹಾಗೆ ಇರಲಿ ಅಂತ ಬಿಟ್ಟೆ.

ಸಂಜೆ ಮನೆಗೆ ಬಂದ ಅಣ್ಣನಿಗೆ ನಾನೇ ಪಟ್ಟಿ ಬದಲಾಯಿಸಿದೆ. ಮಚ್ಚಿನ ಏಟು ಅಂದರೆ ಹೇಗೋ ಏನೋ ಅಂತ ಹೆದರಿದ್ದೆ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗಿದೆ, ಆಳವೂ ಇಲ್ಲ. ಬೇಗ ಕೂಡುತ್ತದೆ. ನನಗೆ ಎಷ್ಟು ಸಮಾಧಾನ ಆಯಿತೆಂದರೆ ಅಲ್ಲೇ ಅತ್ತುಬಿಟ್ಟೆ. ಅಣ್ಣ ಮಾತ್ರ ಗೋಡೆ ನೋಡುತ್ತಿದ್ದ. ಹೂಡಿಯ ಹುಲಿ ಅಂದರೆ ನಗಲೂ ಇಲ್ಲ.

ನವೆಂಬರ್ 6, ಗುರುವಾರ

ಫ್ಲೆಕ್ಸ್ ನಿಂತಿತು. ಪಟಾಕಿ ಹೊಡೆದರು. ಅಪಾರ್ಟ್‌ಮೆಂಟಿನವರು ಕೇಕ್ ಕಳಿಸಿದ್ದಾರೆ, ಮೊನ್ನೆ ಬೈದವರೇ. ಅಣ್ಣ ಡ್ಯೂಟಿ ಇದೆ ಅಂತ ಬರಲಿಲ್ಲ. ಆರೋಪಿಗೆ ಆಸ್ಪತ್ರೆಯಲ್ಲಿ ಕಾವಲು ಇರಬೇಕಂತೆ. ಕಳ್ಳನ ಬಾಗಿಲು ಕಾಯಲು ಹುಲಿಯೇ ಬೇಕಿತ್ತೇ ಅಂತ ಅಮ್ಮನ ಹತ್ತಿರ ರೇಗಿದೆ. ಅಮ್ಮ ಕೇಕ್ ತಿನ್ನುತ್ತಾ, "ಅವ್ನು ಮಾತೇ ಆಡ್ತಿಲ್ಲ ಕಣೆ, ಯಾಕಿಂಗೆ" ಅಂದಳು. ನಾವಿಬ್ಬರೂ ಆಡುತ್ತಿರುವುದು ಸಾಲದೇ ಅಂದೆ.

ನವೆಂಬರ್ 8, ಶನಿವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ, ಬರೆದಿಡಬೇಕು.

ಬೆಳಿಗ್ಗೆ ಒಬ್ಬ ಹೆಂಗಸು ಬಂದಳು, ಸಿದ್ದಕ್ಕ ಅಂತ, ಯಾದಗಿರಿ ಕಡೆಯವಳು. ಇಲ್ಲೇ ಕಟ್ಟಡ ಕೆಲಸ. ಕಣ್ಣು ಊದಿಕೊಂಡಿದ್ದವು. ತಮ್ಮ ನಿನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡನಂತೆ. ಮಧ್ಯಾಹ್ನ ಹೆಣ ಕೊಡುತ್ತಾರೆ, ಊರಿಗೆ ಒಯ್ಯಬೇಕು, ಜೊತೆಗೆ ಒಂದು ಶ್ರದ್ಧಾಂಜಲಿ ಫ್ಲೆಕ್ಸ್, ಇಲ್ಲಿ ಅವನ ರೂಮಿನ ಓಣಿಗೆ ಇನ್ನೊಂದು. ಹೆಸರು ರೇವಣಸಿದ್ದ. ಫೋನಿನಲ್ಲಿ ಫೋಟೋ ಕಳಿಸಿದಳು. ಅವನೂ ನಮಸ್ಕಾರ ಮಾಡುತ್ತಿದ್ದಾನೆ, ಆದರೆ ಬಲಗೈಯಲ್ಲಿ ಹೆಬ್ಬೆರಳು ಕಿರುಬೆರಳು ಬಿಟ್ಟರೆ ನಡುವೆ ಏನೂ ಇಲ್ಲ. ದೊಡ್ಡನೆಕ್ಕುಂದಿಯ ಯಾವುದೋ ಫ್ಯಾಕ್ಟರಿಯ ಪ್ರೆಸ್ ಮೆಷಿನ್ನಿನಲ್ಲಿ ಹೋದವಂತೆ. ಅದೇ ಗಾಯ ನಂಜಾಗಿ ಸತ್ತಿರಬೇಕು ಅಂದುಕೊಂಡೆ, ಕೆದಕಲಿಲ್ಲ.

"ಅಕ್ಕಾರ, ಒಂದ್ ಉಪಕಾರ ಮಾಡ್ರಿ," ಅಂದಳು. "ಅವ್ವಗ ಬೆರಳು ಹೋಗಿದ್ದು ಹೇಳೇ ಇಲ್ಲರಿ. ವಿಡಿಯೋದಾಗ ಮಾತಾಡ್ವಾಗ ಕೈ ಹಿಂದ ಇಟ್ಕೋತಿದ್ದ. ಮೈಯೆಲ್ಲ ಸುತ್ತೇ ಕೊಡ್ತಾರಂತ, ಆಕಿಗಿ ಕಾಣಂಗಿಲ್ಲ. ಫೋಟೋದಾಗ ಬೆರಳು ಹಚ್ಚಿ ಕೊಡ್ರಿ. ಆಕಿ ಕಣ್ಣಿಗಿ ಪೂರಾ ಮಗ ಕಾಣ್ಲಿ."

ಕೂಡಲೇ ಕೂತೆ. ಬೆರಳಿನ ಚಿತ್ರ ಹುಡುಕಲು ಹೊತ್ತಿಲ್ಲ. ಅದೇ ಕೋನದ, ಅದೇ ಮೈಬಣ್ಣದ ಮುಗಿದ ಕೈ ಕಂಪ್ಯೂಟರಿನಲ್ಲೇ ಇತ್ತಲ್ಲ. ಮದುವೆಮನೆ ಫೋಟೋದ ಅಣ್ಣನ ಕೈಯಿಂದ ಮೂರು ಬೆರಳು ತೆಗೆದು ಅವನ ಕೈಗೆ ಕೂರಿಸಿದೆ, ನೆರಳು ಸರಿ ಮಾಡಿದೆ, ಚರ್ಮ ಹೊಂದಿಸಿದೆ. ಕೂಡಿಸಿದ ಗುರುತೇ ಇಲ್ಲ. ಸಿದ್ದಕ್ಕ ಪರದೆ ಮೇಲೆ ಆ ಕೈಯನ್ನು ಮುಟ್ಟಿ ನೋಡಿದಳು. "ಅಣ್ಣನ ಬೆರಳು ಕೊಟ್ಟಿದ್ದೀನಿ ಅಕ್ಕ," ಅಂದೆ. "ನಿಮ್ಮಣ್ಣ ತಣ್ಣಗಿರ್ಲಿ," ಅಂದಳು.

ನನ್ನ ಕೆಲಸದ ಬಗ್ಗೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ನವೆಂಬರ್ 9, ಭಾನುವಾರ

ಆ ಸರಗಳ್ಳ ಸತ್ತನಂತೆ. ಶುಕ್ರವಾರವೇ ಸತ್ತಿದ್ದಾನೆ, ಸುದ್ದಿ ಇವತ್ತು ಹೊರಬಿದ್ದಿದೆ. ಗುಂಡು ಮಂಡಿ ಕೆಳಗೆ ಬೀಳದೆ ತೊಡೆಗೆ ಬಿದ್ದಿತ್ತು, ರಕ್ತ ನಿಲ್ಲಲಿಲ್ಲ. ಟಿವಿಯವರು ಅವನನ್ನು ಸಿದ್ದು ಸಿದ್ದು ಅಂತ ಹೆಸರಿಟ್ಟು ಕರೆಯುತ್ತಿದ್ದಾರೆ, ತಮ್ಮ ಮನೆ ಹುಡುಗನ ಹಾಗೆ.

ನೋಡನೋಡುತ್ತಿದ್ದಂತೆ ಎಲ್ಲರೂ ತಿರುಗಿಬಿದ್ದರು. ಸಾಯಿಸುವ ಹಕ್ಕು ಯಾರು ಕೊಟ್ಟರು, ಕೋರ್ಟು ಯಾಕಿದೆ, ಖಾಕಿ ಗೂಂಡಾಗಳು. ನಾನು ಮಧ್ಯಾಹ್ನದಿಂದ ಒಬ್ಬೊಬ್ಬರಿಗೂ ಉತ್ತರ ಬರೆದೆ. ನಿಮ್ಮ ಮನೆ ಹುಡುಗಿಯನ್ನು ಎಳೆದುಕೊಂಡು ಹೋಗಿದ್ದರೆ ಗೊತ್ತಾಗುತ್ತಿತ್ತು ಅಂದೆ. ನಮ್ಮಣ್ಣನ ಕೈಯಿಂದ ಸುರಿದದ್ದು ಟೊಮೇಟೊ ಸಾಸ್ ಅಲ್ಲ ಅಂದೆ. ಅದಕ್ಕೆ ಇನ್ನೂರು ಲೈಕ್ ಬಂದವು. ಬೈದವರು ಅದಕ್ಕಿಂತ ಜಾಸ್ತಿ.

ಅಣ್ಣ ಬಂದವನೇ, "ಸರ್ಕಲ್‌ನಲ್ಲಿರೋ ಫ್ಲೆಕ್ಸ್ ಇಳಿಸ್ಬಿಡು," ಅಂದ.

"ಯಾಕೆ ಇಳಿಸ್ಬೇಕು? ಈಗ್ಲೇ ಬೇಕಾಗಿರೋದು ಅದು."

"ವೇಣಿ, ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡ್ತಾರೆ. ನನ್ನೂ ಕರೀತಾರೆ."

"ಕರೀಲಿ. ನಡೆದಿದ್ದು ಹೇಳು, ಅಷ್ಟೇ ತಾನೆ."

ಅಣ್ಣ ತಟ್ಟೆ ಮುಂದೆ ಕೂತು ಮುದ್ದೆಗೆ ಕೈಯನ್ನೇ ಹಾಕಲಿಲ್ಲ.

ನವೆಂಬರ್ 12, ಬುಧವಾರ

ಎಲ್ಲಿಂದ ಶುರು ಮಾಡಲಿ.

ಬೆಳಿಗ್ಗೆ ಹೂಡಿಯಲ್ಲಿ ಕೂಲಿಯವರ ಪ್ರತಿಭಟನೆ ಇತ್ತು, ಸತ್ತ ಸಿದ್ದುವಿಗೆ ನ್ಯಾಯ ಬೇಕು ಅಂತ. ಅಂಗಡಿಯ ಟಿವಿಯಲ್ಲಿ ನೇರಪ್ರಸಾರ ಬರುತ್ತಿತ್ತು. ಬಾಯಿಗೆ ಬಂದ ಹಾಗೆ ಬಯ್ಯಬೇಕು ಅಂತ ಮುನಿರಾಜಣ್ಣನೂ ನಾನೂ ಕಾಫಿ ತರಿಸಿಕೊಂಡು ಕೂತೆವು. ಮೈಕಿನ ಮುಂದೆ ಬಂದವಳು ಸಿದ್ದಕ್ಕ. ಅವಳ ಹಿಂದೆ ನನ್ನ ಫ್ಲೆಕ್ಸ್.

ಅವಳ ತಮ್ಮನೇ ಇವನು. ರೇವಣಸಿದ್ದನೇ ಸಿದ್ದು.

"ಸರಾ ಕದ್ದಾನೋ ಇಲ್ಲೋ ನಂಗ ಗೊತ್ತಿಲ್ಲರಿ," ಅಂದಳು. "ಕೆಲಸಾ ಹೋಗಿತ್ತು, ಯಾರ ಸಂಗಾಟ ತಿರಗ್ತಿದ್ನೋ. ಕದ್ದಿದ್ರ ಜೇಲಿಗಿ ಹಾಕ್ರಿ. ಆದ್ರ ಬಲಗೈಯಾಗ ಮಚ್ಚು ಬೀಸಿದ ಅಂತೀರಲ್ರಿ, ಆ ಕೈಗಿ ಮೂರು ಬೆರಳೇ ಇರಲಿಲ್ಲರಿ. ಹ್ಯಾಂಗ ಹಿಡೀತಾನ?"

ಟಿವಿಯವರು ಒಂದು ಕ್ಷಣವೂ ಬಿಡಲಿಲ್ಲ. ಅವಳ ತಲೆ ಮೇಲಿದ್ದ ಫ್ಲೆಕ್ಸಿನ ಕೈಗೆ ಕೆಂಪು ಸುತ್ತು ಹಾಕಿ, ದೊಡ್ಡದು ಮಾಡಿ, ಬೆರಳುಗಳಿಗೆ ಒಂದು ಎರಡು ಮೂರು ಅಂತ ನಂಬರ್ ಕೊಟ್ಟರು. "ಐದೂ ಬೆರಳು ಇವೆಯಲ್ಲಮ್ಮ?" ಸಿದ್ದಕ್ಕ ತಿರುಗಿ ನೋಡಿದಳು. ಅವಳ ಮುಖ ನೋಡಲಾಗಲಿಲ್ಲ ನನಗೆ. ಅದು ಅಂಗಡಿಯಲ್ಲಿ ಹಚ್ಚಿಸಿದ್ದು, ಅವ್ವನಿಗಾಗಿ ಹಚ್ಚಿಸಿದ್ದು ಅಂದಳು. ಯಾರೋ ನಕ್ಕರು. ಫೋನಿನಲ್ಲಿದ್ದ ನಿಜವಾದ ಫೋಟೋ ತೋರಿಸಿದರೆ, ಈಗಿನ ಕಾಲದಲ್ಲಿ ಬೆರಳು ಅಳಿಸುವುದು ಕಷ್ಟವೇ ಅಂದರು. ಪೋಸ್ಟ್‌ಮಾರ್ಟಂ ವರದಿ ಬಂದಿಲ್ಲವಂತೆ, ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಸಂಜೆಗೆ 'ಸುಳ್ಳಿ ಸಿದ್ದಕ್ಕ' ಅಂತ ಊರೆಲ್ಲ ಹರಡಿದೆ. ಅವ್ವನಿಗೂ ಮುಚ್ಚಿಟ್ಟಿದ್ದನ್ನು ಆಡಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಇದು.

ಮುನಿರಾಜಣ್ಣ ಟಿವಿ ಆರಿಸಿ ನನ್ನ ಕಡೆ ನೋಡಿದ.

"ಆ ಫೈಲ್ ಡಿಲೀಟ್ ಮಾಡ್ಬಿಡು ಮಗಾ. ನಿಮ್ಮಣ್ಣಂಗೆ ಒಳ್ಳೇದೇ ಆಯ್ತಲ್ಲ. ದೇವ್ರು ದೊಡ್ಡೋನು."

ಅಳಿಸುತ್ತೇನೆ ಅಂದೆ. ಅಳಿಸಲಿಲ್ಲ. ಕಂಪ್ಯೂಟರ್ ಸ್ಲೋ ಆಗಿತ್ತು.

ನವೆಂಬರ್ 13, ಗುರುವಾರ

ಕಂಪ್ಯೂಟರ್ ಸ್ಲೋ ಆಗಿರಲಿಲ್ಲ.

ಮಧ್ಯಾಹ್ನ ಅಣ್ಣ ಮನೆಯಲ್ಲಿದ್ದ. ನಾನು ಊಟಕ್ಕೆ ಬಂದಾಗ ಅಮ್ಮ ಪಕ್ಕದ ನಾಗಲಕ್ಷ್ಮಮ್ಮನ ಮನೆಗೆ ಹೋಗಿದ್ದಳು. ಟಿವಿಯಲ್ಲಿ ಮತ್ತೆ ಅದೇ ಕೆಂಪು ಸುತ್ತು. ಅಣ್ಣ ಎದ್ದು ಪರದೆ ಹತ್ತಿರ ಹೋಗಿ ನಿಂತ, ಬಲಗೈ ಎತ್ತಿ ಆ ಕೈಯ ಪಕ್ಕ ಹಿಡಿದ. ತೋರುಬೆರಳು. ಮಧ್ಯಕ್ಕೆ ಸೀಳಿದ ಉಗುರು. ಅಲ್ಲೂ ಅದೇ, ಇಲ್ಲೂ ಅದೇ. ಸಿದ್ದಕ್ಕನ ಫ್ಲೆಕ್ಸಿನಲ್ಲಾದರೂ ಅದನ್ನು ಸರಿ ಮಾಡುವುದನ್ನೇ ಮರೆತಿದ್ದೆ.

"ಇದು ನಂದಲ್ವಾ?" ಅಂದ.

ಹೇಳಿದೆ. ಅಳುತ್ತಾ, ತೊದಲುತ್ತಾ, ಎಲ್ಲ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ಅಲ್ಲೇ ನೆಲದ ಮೇಲೆ ಕೂತ.

"ಅವ್ನು ಓಡ್ಲೇ ಇಲ್ಲ ಕಣೆ. ಕೆರೆ ಏರಿ ಮೇಲೆ ಕೂತಿದ್ದ. ನೀರು ಕೇಳ್ದ, ನಾನೇ ಕೊಟ್ಟೆ. ಎರಡೂ ಕೈಯಲ್ಲಿ ಬಾಟ್ಲಿ ಹಿಡ್ಕೊಂಡು ಕುಡಿದ, ಒಂದರಲ್ಲಿ ಹಿಡಿಯೋಕಾಗ್ತಿರ್ಲಿಲ್ಲ ಅವ್ನಿಗೆ."

"ಮತ್ತೆ ಮಚ್ಚು?"

"ಜೀಪಲ್ಲೇ ಇತ್ತು."

ನಾನು ಅವನ ಎಡಗೈ ನೋಡಿದೆ. ಸ್ಕೇಲ್ ಇಟ್ಟು ಎಳೆದ ಗೆರೆ.

"ದಿನಾ ಮೇಲಿಂದ ಫೋನು. ಜನ ಉಗೀತಿದ್ರು. ಕಾಲಿಗೆ ಒಂದು ಹಾಕಿದ್ರೆ ಎಲ್ಲ ತಣ್ಣಗಾಗ್ತದೆ ಅಂದ್ರು ಸಾಹೇಬ್ರು. ಹಾಕಿದ್ರು. ಆಮೇಲೆ ನನ್ನ ಕರೆದು, ಎಡಗೈ ಮುಂದೆ ಹಿಡಿ ಅಂದ್ರು. ಹಿಡಿದೆ. ಸಾಯ್ತಾನೆ ಅಂತ ಗೊತ್ತಿರ್ಲಿಲ್ಲ ವೇಣಿ. ಅವ್ನ ಯಾವ ಕೈಲಿ ಬೆರಳಿಲ್ಲ ಅಂತ್ಲೂ ನೋಡ್ಲಿಲ್ಲ ಅವ್ರು, ಬಲಗೈ ಅಂತ ಬರೆದ್ಬಿಟ್ರು. ಎಲ್ಲ ಸಲ ಅದೇ ಬರೀತಾರೆ."

ಅವನು ನಿಜ ಹೇಳಿದರೆ ಕೆಲಸ ಹೋಗುತ್ತದೆ, ಅವನ ಮೇಲೂ ಕೇಸು ಬೀಳುತ್ತದೆ. ಹೇಳದಿದ್ದರೆ ಆ ಹೆಂಗಸು ಸಾಯುವ ತನಕ ಸುಳ್ಳಿ. ಫೈಲ್ ಇನ್ನೂ ಇದೆ ಅಂದೆ. ಬೆರಳುಗಳನ್ನು ಬೇರೆಯೇ ಪದರದಲ್ಲಿ ಕೂರಿಸಿದ್ದೇನೆ, ಒಂದು ಗುಂಡಿ ಒತ್ತಿದರೆ ಬರುತ್ತವೆ, ಒತ್ತಿದರೆ ಹೋಗುತ್ತವೆ, ಯಾರು ಬೇಕಾದರೂ ನೋಡಬಹುದು ಅಂದೆ.

"ಏನ್ ಮಾಡ್ಲಿ ಅಣ್ಣಾ? ಅಳಿಸು ಅಂದ್ರೆ ಅಳಿಸ್ತೀನಿ."

ಅಣ್ಣ ಬಲಗೈ ಬೆರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡು, "ನನ್ನ ಬೆರಳು ನಂಗೆ ವಾಪಸ್ ಕೊಡು," ಅಂದ.

ನವೆಂಬರ್ 14, ಶುಕ್ರವಾರ

ಸಿದ್ದಕ್ಕನ ನಂಬರ್ ನನ್ನ ಫೋನಿನಲ್ಲಿ 'ಶ್ರದ್ಧಾಂಜಲಿ ಎರಡು ಪೀಸ್' ಅಂತ ಇತ್ತು. ಮೊದಲು ಹೆಸರು ಸರಿ ಮಾಡಿದೆ, ಆಮೇಲೆ ಫೋನ್ ಮಾಡಿದೆ.

ನವೆಂಬರ್ 16, ಭಾನುವಾರ

ನಿನ್ನೆ ಆಗಿದ್ದನ್ನೂ ಇವತ್ತಿನದನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ, ಪರೀಕ್ಷೆಗೆ ಹೊರಟ ದಿನದ ಹಾಗೆ.

ನಿನ್ನೆ ಸಿದ್ದಕ್ಕ, ಅವಳ ವಕೀಲರು ಪ್ರಿಯಾಂಕಾ ಮೇಡಂ ಅಂಗಡಿಗೆ ಬಂದರು. ಮೇಡಂ ಫೋನಿನಲ್ಲಿ ವಿಡಿಯೋ ಹಿಡಿದರು. ನಾನು ಹೆಸರು ಹೇಳಿ, ಅಂಗಡಿ ಹೇಳಿ, ಫೈಲ್ ತೆಗೆದು ಗುಂಡಿ ಒತ್ತಿದೆ. ಬೆರಳು ಹೋದವು. ಮತ್ತೆ ಒತ್ತಿದೆ, ಬಂದವು. ಪಕ್ಕದಲ್ಲಿ ಅಣ್ಣನ ಆ ಮದುವೆಮನೆ ಫೋಟೋ ಇಟ್ಟು ಸೀಳಿದ ಉಗುರು ತೋರಿಸಿದೆ. "ಇವರು ಯಾರು?" ಅಂದರು ಮೇಡಂ. ನಮ್ಮಣ್ಣ, ಹೆಸರು ಬಾಲಾಜಿ, ಪೊಲೀಸ್ ಕಾನ್‌ಸ್ಟೆಬಲ್ ಅಂದೆ. ಗಾಯಗೊಂಡ ಆ ಪೇದೆ ಇವನೇ ಎಂದು ಮೇಡಂಗೆ ಹೊಳೆದಿರಬೇಕು, ಫೋನನ್ನು ಉಗುರಿನ ಹತ್ತಿರಕ್ಕೆ ಹಿಡಿದರು. ಸಿದ್ದಕ್ಕ ಪರದೆಯ ಮೇಲಿನ ತಮ್ಮನನ್ನೇ ನೋಡುತ್ತಿದ್ದಳು, ನಮ್ಮ ಮಾತು ಅವಳ ಕಿವಿಗೆ ಬಿದ್ದ ಹಾಗಿರಲಿಲ್ಲ.

ವಿಡಿಯೋ ಸಂಜೆಯೇ ಊರೆಲ್ಲ ಸುತ್ತಿತು. ಮೊನ್ನೆ ನನಗೆ ಲೈಕ್ ಒತ್ತಿದವರು ಈಗ ಮನೆಮುರುಕಿ ಅನ್ನುತ್ತಿದ್ದಾರೆ, ಮೊನ್ನೆ ಬೈದವರು ಸಿಂಹಿಣಿ ಅನ್ನುತ್ತಿದ್ದಾರೆ. ನಾನು ಯಾರಿಗೂ ಉತ್ತರ ಬರೆಯಲಿಲ್ಲ. ಅಮ್ಮ ಎರಡು ಹೊತ್ತು ನನ್ನ ಜೊತೆ ಮಾತಾಡಲಿಲ್ಲ. ಬೆಳಿಗ್ಗೆ ಅಣ್ಣ ಅವಳ ಪಕ್ಕ ಕೂತು ಅದೇನು ಹೇಳಿದನೋ, ಎದ್ದು ಬಂದು ನನ್ನ ತಟ್ಟೆಗೆ ಮುದ್ದೆ ಇಟ್ಟಳು. "ಅವ್ರವ್ವನೂ ನನ್ನಂಗೇ ಅಲ್ವೇನೆ," ಅಂದಳು.

ಮುನಿರಾಜಣ್ಣ ನಾಳೆಯಿಂದ ಬರಬೇಡ ಅಂದಿದ್ದಾನೆ. ಇವತ್ತೊಂದು ದಿನ ಇತ್ತಲ್ಲ. ರಜೆಯ ದಿನ ಮೆಷಿನ್ ಹಾಕಿ ಹೊಸ ಫ್ಲೆಕ್ಸ್ ಬಿಟ್ಟೆ. ಅದೇ ಫೋಟೋ, ಬಂದದ್ದು ಬಂದ ಹಾಗೆಯೇ. ಬಣ್ಣ ಬಿಳಿ ಮಾಡಲಿಲ್ಲ, ಗಡ್ಡ ತೆಗೆಯಲಿಲ್ಲ. ಮೆಷಿನ್ ಅತ್ತಿಂದಿತ್ತ ಓಡಾಡುತ್ತಾ ಅವನ ತಲೆಕೂದಲು, ಕಣ್ಣು, ಆಮೇಲೆ ಕೈ, ಒಂದೊಂದೇ ಪಟ್ಟಿಯಾಗಿ ಇಳಿಸುತ್ತಿತ್ತು. ಅವನು ಸ್ವಲ್ಪ ನಗುತ್ತಿದ್ದನೆಂದು ನನಗೆ ಇವತ್ತೇ ಕಂಡಿತು.

ಅಣ್ಣ ಬಂದ. ಖಾಕಿ ಇರಲಿಲ್ಲ, ಪಟ್ಟಿಯನ್ನೂ ಬಿಚ್ಚಿದ್ದ. ಬರುವ ಗುರುವಾರ ಮ್ಯಾಜಿಸ್ಟ್ರೇಟ್ ಮುಂದೆ ಅವನ ಹೇಳಿಕೆ. ಸಾಹೇಬರು ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ, ಅವನು ತೆಗೆದಿಲ್ಲ. ಬಿಸಿ ಫ್ಲೆಕ್ಸಿನ ಒಂದು ಅಂಚು ಹಿಡಿದು ನೆಲಕ್ಕೆ ಹಾಸಲು ನೆರವಾದ. "ಐಲೆಟ್ ನಾನು ಹೊಡೀತೀನಿ ಕೊಡು," ಅಂದ. ಹಗ್ಗ ಕಟ್ಟಲು ಅಂಚಿಗೆ ಹೊಡೆಯುವ ಲೋಹದ ಬಳೆ, ಚಿಕ್ಕಂದಿನಿಂದ ಅವನಿಗೆ ಸುತ್ತಿಗೆ ಕೆಲಸ ಅಂದರೆ ಇಷ್ಟ.

ಮೂಲೆಗೆ ಹೊಡೆಯುತ್ತಿರುವಾಗ ಸಿದ್ದಕ್ಕ ಫ್ಲೆಕ್ಸ್ ಒಯ್ಯಲು ಬಂದಳು. ಖಾಕಿ ಇಲ್ಲದ ಅಣ್ಣನ ಗುರುತು ಹತ್ತದೆ, ಅಂಗಡಿಯ ಕೆಲಸದವನು ಅಂದುಕೊಂಡಳೇನೋ. ತಮ್ಮನ ಕೈಯನ್ನು, ಇದ್ದ ಹಾಗಿನ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕಣ್ಣು ಪಕ್ಕದಲ್ಲಿ ಸುತ್ತಿಗೆ ಎತ್ತುತ್ತಿದ್ದ ಅಣ್ಣನ ಎಡಗೈಯ ಗಾಯದ ಮೇಲೆ ಬಿತ್ತು.

"ಕೈಗಿ ಏನಾಗ್ಯದ್ರಿ ಅಣ್ಣಾರ?" ಅಂದಳು. ಅವಳ ದನಿಯಲ್ಲಿ ಕನಿಕರವೇ ಇತ್ತು.

ಅಣ್ಣ ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ. ಕೈ ಮುಗಿಯಲು ಹೋಗಿ ಮುಗಿಯಲಿಲ್ಲ.

"ನಾನು ಬಾಲಾಜಿ, ಅಕ್ಕ. ಅವತ್ತು ಕೆರೆ ಹತ್ರ ಇದ್ದೆ," ಅಂದ. "ಇದು ನಿಮ್ಮ ತಮ್ಮ ಮಾಡಿದ್ದಲ್ಲ."